ಮಗಳು ಖಾಲಿ ಬಿಟ್ಟ ಜಾಗ

ರಾಗಿ ಹೊಲದಲ್ಲಿ ಪೈರು ಒತ್ತಾಗಿ ಬಂದ ಕಡೆ ಕಿತ್ತು, ಖಾಲಿ ಬಿದ್ದ ಕಡೆ ನೆಡುತ್ತೇವೆ. ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸ. ಅದನ್ನೇ ಮಗಳ ಹಲಗೆಯ ಮೇಲೂ ಮಾಡಿಬಿಟ್ಟೆ.

ರಮ್ಯ ಒಂಬತ್ತನೇ ತರಗತಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಕಪ್ಪು ಬಣ್ಣ ಬಳಿದ ಹಲಗೆಗೆ ಎರಡು ವಾರ ರಾಗಿ ಕಾಳು ಅಂಟಿಸಿದಳು. ಗೆದ್ದರೆ ಕೃಷ್ಣಗಿರಿಯ ಜಿಲ್ಲಾ ಪ್ರದರ್ಶನಕ್ಕೆ ಹೋಗಬಹುದು ಎಂದು ಅವಳ ಆಸೆ. ಏನು ಮಾಡುತ್ತಿದ್ದೀಯ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಜವಳಗಿರಿಯ ಶಾಲೆಗೆ ಹೋದಳು. ಹಲಗೆಯನ್ನು ನಾನು ಮೊಪೆಡ್ಡಿನಲ್ಲಿ ತರಬೇಕಿತ್ತು. ಬಟ್ಟೆ ಸುತ್ತುವ ಮೊದಲು ನೋಡಿದೆ. ಇಲ್ಲೊಂದು ಗುಡ್ಡೆ, ಅಲ್ಲೊಂದು ಗುಡ್ಡೆ, ನಡುವೆ ತೆಳ್ಳಗೆ ಒಂದು ಸಾಲು, ಉಳಿದದ್ದು ಅಂಗೈ ಅಗಲದ ಬೋಳು ಜಾಗ. ಸಿಟ್ಟು ನೆತ್ತಿಗೇರಿತು. ಮುಟ್ಟಬೇಡ ಎಂದ ಹೆಂಡತಿ ಪಿಳ್ಳಮ್ಮನ ಮೇಲೂ ರೇಗಿದೆ. ಕುಡುಗೋಲಿನ ತುದಿಯಿಂದ ಒತ್ತಾದ ಕಾಳು ಎಬ್ಬಿಸಿ, ಬೋಳು ಜಾಗಕ್ಕೆ ಗೋಂದು ಹಚ್ಚಿ, ಒಂದೇ ಸಮನಾಗಿ ಅಂಟಿಸಿದೆ. ಒಂದೂವರೆ ಗಂಟೆ ಹಿಡಿಯಿತು. ನೋಡಿ ಹೆಮ್ಮೆಪಟ್ಟೆ.

ನಾನು ಶಾಲೆ ಮುಟ್ಟುವಾಗ ತೀರ್ಪುಗಾರರು ಮಗಳ ಪಕ್ಕದ ಮೇಜಿನಲ್ಲಿದ್ದರು. ರಮ್ಯ ಹಲಗೆಗೆ ಸುತ್ತಿದ್ದ ಬಟ್ಟೆ ತೆಗೆಯುವಷ್ಟರಲ್ಲಿ ಅವಳ ಮುಂದೆ ಬಂದರು. ನಾನು ಗೋಡೆ ಬದಿ ನಿಂತು ನಮ್ಮೂರ ಸೊಣ್ಣಪ್ಪನಿಗೆ ಹೇಳುತ್ತಿದ್ದೆ:

“ಸೋಮಾರಿ ಕಣ್ಲಾ, ಒಂದೇ ಕಡೆ ಸುರಿದ್ಬುಟ್ಟಿದ್ಲು. ನಾನೇ ಸರಿ ಮಾಡ್ದೆ.”

ರಮ್ಯ ಹಲಗೆ ನೋಡಿದಳು, ಆಮೇಲೆ ನನ್ನನ್ನು. ತಿರುಗಿ ತೀರ್ಪುಗಾರರಿಗೆ ವಿವರಿಸತೊಡಗಿದಳು. ಒಂದೊಂದು ಕಾಳೂ ಗ್ಯಾಲಕ್ಸಿಗಳ ಒಂದೊಂದು ಗುಂಪು. ಆ ಗುಂಪುಗಳು ಒಂದನ್ನೊಂದು ಎಳೆದುಕೊಂಡು ಇನ್ನೂ ದೊಡ್ಡ ಗುಂಪಾಗುತ್ತವೆ, ಬಲೆಯ ಎಳೆಗಳ ಹಾಗೆ ಬ್ರಹ್ಮಾಂಡದ ತುಂಬ ಹಬ್ಬುತ್ತವೆ. ಎಳೆಗಳ ನಡುವೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ.

“ಆ ಖಾಲಿ ಜಾಗ ನಿನ್ನ ಹಲಗೇಲಿ ಎಲ್ಲಮ್ಮ?” ಎಂದರು ಅವರು.

“ತಪ್ಪಾಗೋಯ್ತು ಸಾರ್. ನಾನೇ ತಪ್ಪಾಗಿ ಅಂಟಿಸ್ದೆ.”

ಸೊಣ್ಣಪ್ಪ ನನ್ನ ಮುಖ ನೋಡಿದ. ಊರಿನಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಆಗ ಮಾತ್ರ ಗೋಡೆಗೆ ಒತ್ತಿಕೊಂಡು ನಿಂತೆ. ಅವರು ಅಂಕ ಬರೆದುಕೊಂಡು ಮುಂದಿನ ಮೇಜಿಗೆ ಹೋದರು.

ಕೃಷ್ಣಗಿರಿಗೆ ಬೇರೆಯವರ ಹೆಸರು ಓದಿದ ಮೇಲೆ, ಅವಳ ಟೀಚರ್ ಶ್ರೀವಿದ್ಯಾ ಹತ್ತಿರ ಹೋಗಿ ನಾನು ಮಾಡಿದ್ದು ಎಂದೆ. ಗೊತ್ತು ಎಂದರು. ಹಿಂದಿನ ದಿನವೇ ರಮ್ಯ ಅವರಿಗೆ ಹಲಗೆಯ ಫೋಟೋ ಕಳಿಸಿದ್ದಳಂತೆ. ಅದನ್ನು ಟೀಚರ್ ತೀರ್ಪುಗಾರರಿಗೆ ತೋರಿಸಲು ಹೊರಟಾಗ ಅವಳೇ ಕೈ ಹಿಡಿದು ಬೇಡ ಎಂದಳಂತೆ.

ಗೇಟಿನ ಹತ್ತಿರ ಅವಳನ್ನು ಕೇಳಿದೆ, ಯಾಕೆ ಹಾಗಂದೆ ಎಂದು.

“ಅಷ್ಟು ಜನದ ಮುಂದೆ ನೀನು ಬೈಸ್ಕೊಳ್ಳೋದು ಬೇಡ ಅನ್ನುಸ್ತಪ್ಪ. ಹೆಂಗಿರ್ತದೆ ಅಂತ ನಂಗೊತ್ತು.”

ಹಲಗೆ ತೆಗೆದುಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ. ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದಳು. ಊರು ಬರುವ ತನಕ ನಾನು ಮೊಪೆಡ್ಡಿನಲ್ಲಿ ಬಸ್ಸಿನ ಹಿಂದೆಯೇ ಬಂದೆ. ಡ್ರೈವರ್ ಎರಡು ಸಲ ದಾರಿ ಬಿಟ್ಟ. ನಾನು ಮುಂದೆ ಹೋಗಲಿಲ್ಲ.