ಇನ್ನೂ ಬರಲ್ಲ

ಕಂಪ್ಯೂಟರಿನ ಪರದೆಯ ಮೇಲೆ 'ಹೌದು' ಬಂತು. ಅದರ ಬೆನ್ನಿಗೇ 'ಇಲ್ಲ' ಕೂಡ ಬಂತು. ತಂಗಿ ತಲೆ ಚಚ್ಚಿಕೊಂಡಳು. ಮಂಚದ ಮೇಲೆ ದಿಂಬಿಗೆ ಒರಗಿದ್ದ ಅಣ್ಣ, ಬಾಯಿ ಸೊಟ್ಟಗಾಗಿದ್ದರೂ ಹೊಟ್ಟೆ ಕುಣಿಯುವಂತೆ ನಕ್ಕ.

"ನಗು, ನಗು. ನಿನಗೇನು, ಕೂತಲ್ಲೇ ತಪ್ಪು ಹಿಡಿಯೋ ಕೆಲಸ."

ಅವನು ಎಡಗೈ ಚಾಚಿ ಒಂದು ಸಾಲಿನ ಕೆಳಗೆ ಬೆರಳಿಟ್ಟ. 'ಹೌದು' ಎನ್ನುವ ಕವಲು ಮುಗಿದ ಮೇಲೆ 'ಇಲ್ಲ' ಎನ್ನುವುದನ್ನು ಹಾರಿ ಹೋಗು ಎಂದು ಯಂತ್ರಕ್ಕೆ ಹೇಳುವುದನ್ನೇ ಅವಳು ಮರೆತಿದ್ದಳು. ಪಾರ್ಶ್ವವಾಯು ಹೊಡೆದಂದಿನಿಂದ ಅವನ ಬಲಗೈ ಯಾರೋ ಮರೆತುಹೋದ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಈ ಕಂಪೈಲರ್ ಅಣ್ಣನದು. ಯಾರು ಬೇಕಾದರೂ ತೆರೆದು ನೋಡಿ ತಿದ್ದಲಿ ಎಂದು ಬಿಟ್ಟಿಯಾಗಿ ಹಂಚಿದ್ದ. ಅದರ ಮುಂಭಾಗ ಮುಗಿದಿತ್ತು. ಪ್ರೋಗ್ರಾಮನ್ನು ಓದುತ್ತಿತ್ತು, ತಪ್ಪು ಹಿಡಿಯುತ್ತಿತ್ತು, ಎಲ್ಲ ಅರ್ಥ ಮಾಡಿಕೊಳ್ಳುತ್ತಿತ್ತು. ಯಂತ್ರದ ಕಡೆಗೆ ದಾಟಿಸುವ ಮಧ್ಯಂತರ ಕೋಡ್ ಮಾತ್ರ ಒಂದು ಸಾಲೂ ಹೊರಡುತ್ತಿರಲಿಲ್ಲ. ಅಷ್ಟರಲ್ಲಿ ಅವನೇ ಬಿದ್ದ. ಈಗ ಅವನಿಗೂ ಎಲ್ಲವೂ ಅರ್ಥವಾಗುತ್ತದೆ, ಒಂದು ಮಾತೂ ಹೊರಡುವುದಿಲ್ಲ. ವಿಧಿಗೆ ತಮಾಷೆ ಮಾಡಲು ಬೇರೆ ಯಾರೂ ಸಿಗಲಿಲ್ಲವೇನೋ.

ಬಾಕಿ ಉಳಿದ ಪ್ರತಿಯೊಂದು ಜಾಗದಲ್ಲೂ ಅವನೊಂದು ವಾಕ್ಯ ಬರೆದಿಟ್ಟಿದ್ದ: 'ಇದು ನನಗೆ ಇನ್ನೂ ಬರಲ್ಲ.' ಕಂಪೈಲರ್ ಸೋತಾಗ ಅದನ್ನೇ ಹೇಳಬೇಕು. "ಬರಲ್ಲ ಅಂದ್ರೆ ಸಾಲದಾ, 'ಇನ್ನೂ' ಯಾಕೆ?" ಎಂದು ಅವಳು ಆಗ ಜಗಳ ತೆಗೆದಿದ್ದಳು. "ಲೇ, ಆ 'ಇನ್ನೂ' ಇದ್ರೇನೇ ಜನ ವಾಪಸ್ ಬರೋದು," ಅಂದಿದ್ದ.

ಈಗ ಅವಳು ಒಂದೊಂದನ್ನೇ ಸೇರಿಸುತ್ತ ಬಂದಿದ್ದಳು. ಮೊದಲು ಬರೀ ಅಂಕಿ, ಆಮೇಲೆ ಕೂಡುವುದು, ಹೋಲಿಸುವುದು; ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಇನ್ನೂ ಬಾಕಿ. ಒಂದು ಬಂದ ಕೂಡಲೇ ಅದರ ವಾಕ್ಯವನ್ನು ಅವನ ಕಣ್ಣೆದುರೇ ಅಳಿಸುತ್ತಿದ್ದಳು. "ನೋಡು, ಇದೂ ಬಂತು. ನಿನಗೂ ಬರುತ್ತೆ." ಅವನಿಗೆ 'ನೀರು' ಎನ್ನಲು ಬಂದಿತ್ತು. ಆಮೇಲೆ ಅದೂ ಹೋಯಿತು.

ತಪ್ಪು ತಿದ್ದಿದಳು. ಬರೀ 'ಹೌದು' ಬಂತು. ಖುಷಿಯಲ್ಲಿ ಕಾಫಿಗೆಂದು ಎದ್ದು ಅಡುಗೆಮನೆಗೆ ಹೋದರೆ ಅತ್ತಿಗೆ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು.

"ಆಸ್ಪತ್ರೆಯಿಂದ ಫೋನ್ ಬಂದಿತ್ತು ಕಣೆ. ಮಾತು ಕಲಿಸೋ ಮೇಡಂ ಮಾಡಿದ್ರು. ಬರೋದಿದ್ರೆ ಇಷ್ಟರಲ್ಲಿ ಬರ್ತಿತ್ತಂತೆ. ಇನ್ಮೇಲೆ ಕರ್ಕೊಂಡು ಬರೋದು ಬೇಡ ಅಂದ್ರು."

"ಅಣ್ಣನಿಗೆ ಹೇಳಿದ್ರಾ ಅತ್ತಿಗೆ?"

"ಯಾವ ಬಾಯಲ್ಲಿ ಹೇಳ್ಲಿ?"

ಹೇಳುವ ಅಗತ್ಯವೇನಿತ್ತು? ಅಡುಗೆಮನೆಗೂ ಅವನ ಮಂಚಕ್ಕೂ ನಡುವೆ ಇದ್ದದ್ದು ಒಂದು ಪರದೆ ಬಟ್ಟೆ. ಮಾತು ಹೋದವನ ಕಿವಿಯೂ ಹೋಗಿರುತ್ತದೆ ಎಂಬಂತೆ ಮನೆಯವರೆಲ್ಲ ನಡೆದುಕೊಳ್ಳುವುದು ಅವಳಿಗೆ ಆಗ ಹೊಳೆಯಿತು. ಕಾಫಿ ಅಲ್ಲೇ ಬಿಟ್ಟು ಓಡಿದಳು.

ಅಣ್ಣ ಕೀಬೋರ್ಡನ್ನು ಹೊಟ್ಟೆಯ ಮೇಲೆ ಎಳೆದುಕೊಂಡಿದ್ದ. ಬಿದ್ದ ಮೇಲೆ ಅವನಿಗೆ ಒಂದಕ್ಷರ ಬರೆಯಲೂ ಬಂದಿರಲಿಲ್ಲ. ಈಗ ಎಡಗೈ ಬೆರಳು ಅಳಿಸುವ ಕೀಲಿಯನ್ನು ನಿಧಾನವಾಗಿ ಒತ್ತುತ್ತಿತ್ತು.

"ಅಯ್ಯೋ, ಅದು ಲೂಪ್ ಕಣೋ. ಅದನ್ನ ನಾಳೆ ಸೇರಿಸೋಣ, ಈಗಲೇ ಅಳಿಸಬೇಡ..."

ಅವನು ವಾಕ್ಯವನ್ನೆಲ್ಲ ಅಳಿಸಿರಲಿಲ್ಲ. 'ಇದು ನನಗೆ ಬರಲ್ಲ' ಎಂದು ಅದು ಅಲ್ಲೇ ಇತ್ತು.

ಅವಳ ಕಡೆ ನೋಡದೆ ಅಣ್ಣ ಪುಟವನ್ನು ಕೆಳಕ್ಕೆ ಸರಿಸಿದ, ಮುಂದಿನ 'ಇನ್ನೂ' ಹುಡುಕುತ್ತ.