ಪ್ರಾಯೋಜಕರ ಮುದ್ರೆ

ಹಾಳೆಯ ಮೇಲೆ ಚಕ್ರದ ಗುರುತುಗಳಿದ್ದವು. ನರೇಶ ಮಂಡಿಯೂರಿ ಕರವಸ್ತ್ರದಿಂದ ಉಜ್ಜಿದ. ಹೋಗಲಿಲ್ಲ.

ಈ ಬಿಳಿ ಫ್ಲೆಕ್ಸಿನ ಕಪ್ಪು ಗೆರೆ ಹಿಡಿದು ವಿದ್ಯಾರ್ಥಿಗಳ ರೋಬೋಗಳು ಓಡಬೇಕು. ಗೆದ್ದವರನ್ನು ಪ್ರಾಯೋಜಕರು, ಅಂದರೆ ಹೊನ್ನಾವರದ ಐಸ್ ಫ್ಯಾಕ್ಟರಿಯ ಮಾಲೀಕರು, ಮುಂಬೈ ಸ್ಪರ್ಧೆಗೆ ಕಳಿಸುತ್ತಾರೆ. ಅವರ ಮಗ ಕಿರಣನೂ ಸ್ಪರ್ಧಿ. ಒಪ್ಪಿಗೆಗೆಂದು ಹಾಳೆಯನ್ನು ಅವರ ಮನೆಗೆ ಕಳಿಸಿದವನು ತೀರ್ಪುಗಾರ ನರೇಶನೇ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ವಾರದ ಮೇಲೆ, ನಿನ್ನೆ, ಅದು ವಾಪಸು ಬಂದಿತ್ತು. ಕಳಿಸುವ ಮೊದಲು ಗೆರೆಗೆ ತಾಗುವಂತೆ ಅವರ ಕಂಪನಿಯ ಮುದ್ರೆಯನ್ನು, ಒಂದು ದೊಡ್ಡ ದಪ್ಪ ಕಪ್ಪು ಬಳೆಯನ್ನು, ಯಾರೂ ಕೇಳದೆ ಅಚ್ಚುಹಾಕಿಸಿದವನೂ ಅವನೇ.

ಕಿರಣನ ರೋಬೋ ಮುಂಬೈಯಿಂದ ತರಿಸಿದ್ದು. ಬಳೆಯ ಹತ್ತಿರ ಬಂದದ್ದೇ ಪಕ್ಕಕ್ಕೆ ಹೊರಳಿ, ಗೆರೆ ಹಿಡಿದು ಮುಗಿಸಿತು. ಚಪ್ಪಾಳೆ.

ಮೀನುಗಾರರ ಮನೆಯ ಸುಚಿತಾಳದು ಮೀನಿನ ಕ್ರೇಟ್ ಕತ್ತರಿಸಿ ಮಾಡಿದ್ದು. ಹೊಸ ದೋಣಿಗೆ ಮಾಡುವಂತೆ ಮನೆಯವರು ಅದರ ಮೂತಿಗೆ ಕುಂಕುಮ ಹಚ್ಚಿ, ಅಬ್ಬಲಿಗೆ ಹೂವಿನ ದಂಡೆ ಕಟ್ಟಿದ್ದರು. ಕಿರಣನದಕ್ಕಿಂತ ಜೋರಾಗಿಯೇ ಓಡಿತು. ಬಳೆ ಬಂತು. ಗೆರೆ ಬಿಟ್ಟು ಬಳೆಯನ್ನೇ ಹಿಡಿದು ಸುತ್ತತೊಡಗಿತು. ಜನ ನಕ್ಕರು.

"ಸರ್, ಈ ಬಳೆ ನೀವು ಕೊಟ್ಟ ನಕ್ಷೇಲಿ ಇರ್ಲಿಲ್ಲ" ಎಂದಳು ಸುಚಿತಾ. " ಇನ್ನೊಂದ್ ಸಲ ಬಿಡ್ಲಾ?"

"ಎಲ್ಲರಿಗೂ ಒಂದೇ ಹಾಳೆ."

"ಕಿರಣ ಇದ್ರ ಮೇಲೆ ಮೊದ್ಲೇ ಓಡ್ಸಿದ್ದಾ?"

"ಎಂತಕ್ಕೆ ಕೇಳ್ತೆ?"

"ಚಕ್ರದ್ ಗುರ್ತು ಕಾಣ್ತದೆ."

ಕರವಸ್ತ್ರ ನರೇಶನ ಜೇಬಿನಲ್ಲಿತ್ತು, ಕಪ್ಪಾಗಿ. ಮೊದಲ ಸಾಲಿನಲ್ಲಿ ಕುಳಿತ ಮಾಲೀಕರು ಏನೂ ಅರ್ಥವಾಗದೆ ನಗುತ್ತಿದ್ದರು. ಒಳ್ಳೆಯ ಮನುಷ್ಯ, ಅವನಿಗೆ ಅದೇ ಕಷ್ಟವಾಗಿತ್ತು.

"ಆತಲ್ಲ ಮಾಸ್ಟ್ರೆ?" ಎಂದರು.

"ಆತು" ಎಂದ ನರೇಶ. ನಾಚಿಕೆಯಾಯಿತು. ಜೊತೆಗೇ ಮುಂದಿನ ವರ್ಷದ ಸ್ಪರ್ಧೆಯ ಖರ್ಚೂ ನೆನಪಾಯಿತು.

ಸುಚಿತಾ ಬಗ್ಗಿದಳು. ಯಂತ್ರ ನಿಲ್ಲಿಸುತ್ತಾಳೆಂದುಕೊಂಡ. ಅವಳು ದಂಡೆಯನ್ನಷ್ಟೇ ಬಿಚ್ಚಿಕೊಂಡು, ಕಣ್ಣಿಗೊತ್ತಿ, ಹಿಂದೆ ನೋಡದೆ ಹೊರಗೆ ಹೋದಳು.

"ಅವ್ಳು ಅದನ್ನ ಬಿಟ್ಟೇ ಹೋದ್ಲಲ್ಲ" ಎಂದರು ಮಾಲೀಕರು. "ಬನ್ನಿ, ಫೋಟೋಕ್ಕೆ."

ವೇದಿಕೆ ಹಾಳೆಯ ಆಚೆ. ಮುದ್ರೆ ತುಳಿಯಬಾರದೆಂದು ನರೇಶ ಬಳೆಯ ಅಂಚು ಹಿಡಿದು ನಡೆದ. ಇನ್ನೂ ಬಳೆ ಸುತ್ತುತ್ತಿದ್ದ ಯಂತ್ರ ಹಿಂದಿನಿಂದ ಬಂದು ಹಿಮ್ಮಡಿಗೆ ತಾಗಿತು. ಒಂದು ಹೆಜ್ಜೆ ಮುಂದಿಟ್ಟ. ಮತ್ತೆ ತಾಗಿತು. ಇನ್ನೊಂದಿಟ್ಟ. ವೇದಿಕೆ ಎದುರಿಗೆ ಬಂತು, ಪಕ್ಕಕ್ಕೆ ಸರಿಯಿತು, ಬೆನ್ನ ಹಿಂದಾಯಿತು. ಮೈಕಿನಲ್ಲಿ ಅವನ ಹೆಸರು ಕರೆಯುತ್ತಲೇ ಇದ್ದರು.