ಎರಡೋ ಮೂರೋ

“ಅಲ್ಲೇ ಐತಿ! ಬೇವಿನ ಗಿಡದಾಗ! ಒಣಾ ಟೊಂಗಿ ಮ್ಯಾಲ!”

ಪ್ರಭುಲಿಂಗ ಬಾಯಿಗೆ ಕೈ ಅಡ್ಡ ಹಿಡಿದು, ಗುಟ್ಟು ಹೇಳುವವನ ಹಾಗೆ ಪಿಸುಗುಟ್ಟಿದ್ದ. ಆ ಪಿಸುಮಾತಿಗೆ ಬೇವಿನ ಗಿಡದ ಹಕ್ಕಿಯಷ್ಟೇ ಅಲ್ಲ, ಅದರಾಚೆಯ ಜಾಲಿ ಮೆಳೆಯಲ್ಲಿ ತಮ್ಮ ಪಾಡಿಗೆ ಕೂತಿದ್ದ ಬೆಳವಗಳೂ ಪಟಪಟನೆ ಎದ್ದು ಹೋದವು. ಅವನ ಹೆಂಡತಿ ಅನುರಾಧಾ ದುರ್ಬೀನು ಇಳಿಸಿ ಹಣೆ ಚಚ್ಚಿಕೊಂಡಳು.

“ಇನ್ನ ಏನ್ ನೋಡೂಣ್ರಿ? ಬೀಳಗಿ ಬಸ್‌ಸ್ಟ್ಯಾಂಡಿನ್ಯಾಗ ಕುಂತವರೂ ಎದ್ದ ನಿಂತಿರಬೇಕು.”

“ನಾ ಸಣ್ಣ ದನೀಲೇ ಹೇಳೇನಿ.”

“ಹೌದ್ರಿ. ಭಾಳ ಸಣ್ಣ ದನಿ.”

ಬನಹಟ್ಟಿಯಲ್ಲಾಗಿದ್ದರೆ ಆ ದನಿ ಯಾರಿಗೂ ವಿಶೇಷ ಅನಿಸುತ್ತಿರಲಿಲ್ಲ. ಪವರ್‌ಲೂಮ್‌ಗಳು ಬಿಡುವಿಲ್ಲದೆ ಬಡಿದುಕೊಳ್ಳುವ ಅವರ ಓಣಿಯಲ್ಲಿ ಚಹಾಕ್ಕೆ ಕರೆಯುವುದಕ್ಕೂ ಜಗಳ ತೆಗೆಯುವುದಕ್ಕೂ ಒಂದೇ ದನಿ. ಲೋಕಾಪುರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅನುರಾಧಾ ಮಾತಾಡಿದರೆ ಅತ್ತೆ ಬೋರವ್ವ “ಈಕಿಗೆ ದನೀನ ಇಲ್ಲೇನು” ಎಂದು ನೆರೆಮನೆಯವರನ್ನು ಕೇಳಿದ್ದಳು. ಈಗ ಅನುರಾಧಾಳೂ ಕೂಗಿಯೇ ಮಾತಾಡುತ್ತಾಳೆ. ಹೀಗೆ ಎಲ್ಲರೂ ಕೂಗುವ ಮನೆಯಲ್ಲಿ ಒಬ್ಬನ ಕಿವಿ ಮಂದವಾದರೆ ಯಾರಿಗೆ ತಿಳಿಯಬೇಕು? ಅವಳಿಗೆ ತಿಳಿದದ್ದು ಇಲ್ಲಿ, ಯಡಹಳ್ಳಿ ಕಡೆಯ ಈ ಕುರುಚಲು ಕಾಡಿನಲ್ಲಿ, ಹಕ್ಕಿ ನೋಡಲು ಬಂದಾಗ. ಟಿಟ್ಟಿಭ ಕಿರುಚಿದರೆ ಪ್ರಭುಲಿಂಗ ತಿರುಗಿ ನೋಡುತ್ತಿದ್ದ. ಪುಟ್ಟ ಸೂರಕ್ಕಿ ತಲೆಯ ಮೇಲಿನ ಟೊಂಗೆಯಲ್ಲೇ ಕೂತು ಸಣ್ಣಗೆ ಚೀವ್ಗುಟ್ಟಿದರೆ ಬೂಟಿಗೆ ಹತ್ತಿದ ಮುಳ್ಳು ಕೀಳುತ್ತ ನಿಂತಿರುತ್ತಿದ್ದ.

ಅಂದಿನಿಂದ ಕಿವಿ ಡಾಕ್ಟರ ಹತ್ತಿರ ಹೋಗೋಣವೆಂದು ಅವಳು, ನನ್ನ ಕಿವಿಗೆ ಏನಾಗಿದೆಯೆಂದು ಅವನು. ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಅವನ ಹಟಕ್ಕೆ ಕಾರಣ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮಾವ ಹೊಳಬಸಪ್ಪ ಕಡೆಗಾಲದಲ್ಲಿ ಕಿವಿಗೆ ಮಿಷನ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಮಂದಿ ಅವರ ಮುಂದೆಯೇ ಅವರ ಬಗ್ಗೆ ಮಾತಾಡಿ ನಗುತ್ತಿದ್ದರು. ಅದನ್ನು ಕಂಡ ಮಗ ಇವನು. ಆದರೆ ಕಾರಣ ಗೊತ್ತಿದ್ದ ಮಾತ್ರಕ್ಕೆ ಸಿಟ್ಟು ಇಳಿಯುತ್ತದೆಯೇ? ಅವಳದು ಇಳಿದಿರಲಿಲ್ಲ.

ಕೊನೆಗೆ ಇಬ್ಬರಿಗೂ ಸಾಕಾಗಿ ಒಂದು ಕರಾರು ಆಗಿತ್ತು. ಚಳಿಗಾಲಕ್ಕೆ ಇಲ್ಲಿಗೆ ಬರುವ ಎಲೆ ಬಣ್ಣದ ಎರಡು ಪುಟ್ಟ ಹಕ್ಕಿಗಳಿವೆ. ಒಂದಕ್ಕೆ ಗ್ರೀನ್ ವಾರ್ಬ್ಲರ್ ಅನ್ನುತ್ತಾರೆ, ಇನ್ನೊಂದಕ್ಕೆ ಗ್ರೀನಿಶ್ ವಾರ್ಬ್ಲರ್. ಹೆಸರಿಡುವವನಿಗೂ ಅಷ್ಟು ಹೊತ್ತಿಗೆ ಬೇಸರ ಬಂದಿರಬೇಕು. ಅದೇ ಗಾತ್ರ, ಅದೇ ಹುಬ್ಬಿನ ಗೆರೆ, ಎಲೆ ಮರೆಯಲ್ಲಿ ಅದೇ ಚಡಪಡಿಕೆ. ಎಷ್ಟು ನೋಡಿದರೂ ಗುರುತು ಹತ್ತುವುದಿಲ್ಲ, ಕೂಗು ಕೇಳಬೇಕು. ಗ್ರೀನಿಶ್‌ನದು ಎರಡು ತುಂಡಿನ ಕೂಗು, ಚಿಸ್-ವೀಟ್. ಗ್ರೀನ್‌ನದು ಮೂರು ತುಂಡಿನದು, ಚಿಸ್-ರು-ವೀಟ್. ಈ ಕಡೆ ಎರಡಿನದೇ ಹೆಚ್ಚು, ಮೂರಿನದು ಸಿಕ್ಕರೆ ಅದೃಷ್ಟ. ಕೂಗು ಕೇಳಿ ಇವೆರಡನ್ನು ಬೇರೆ ಮಾಡಿ ಹೇಳಿದರೆ ಅನುರಾಧಾ ಮತ್ತೆಂದೂ ಕಿವಿಯ ಸುದ್ದಿ ಎತ್ತಬಾರದು. ಹೇಳದಿದ್ದರೆ ಅವನು ಮರುಮಾತಿಲ್ಲದೆ ಡಾಕ್ಟರ ಹತ್ತಿರ ಹೋಗಬೇಕು. ಇವತ್ತು ಲೈನ್ ರಿಪೇರಿಯೆಂದು ಕರೆಂಟ್ ತೆಗೆದು ಮಗ್ಗಗಳಿಗೆ ರಜೆ ಸಿಕ್ಕಿತ್ತು, ಬಂದಿದ್ದರು.

ಸಾಕ್ಷಿಗೆ ತೇರದಾಳದ ಸಿದ್ಧಾಂತ ಇದ್ದ. ಜವಳಿ ವ್ಯಾಪಾರಿ, ಪ್ರಭುಲಿಂಗನ ಸೀರೆ ಕೊಳ್ಳುವವನು, ಹಕ್ಕಿ ಹುಚ್ಚಿನಲ್ಲಿ ಜೊತೆಗಾರ. ಜೀವಮಾನದಲ್ಲಿ ಯಾರಿಗೂ ಇಲ್ಲವೆಂದವನಲ್ಲ. ಇಂಥವರನ್ನು ಸಾಕ್ಷಿಗೆ ಕರೆಯಬಾರದೆಂದು ಅನುರಾಧಾಳಿಗೆ ಹೊಳೆದದ್ದು ಆಮೇಲೆ.

ಬೆಳವಗಳ ಗಲಾಟೆ ಅಡಗಿದ ಮೇಲೆ ದಿಂಡಿಗದ ಗಿಡದಲ್ಲಿ ಒಂದು ಹಕ್ಕಿ ಕೂಗಿತು. ಪ್ರಭುಲಿಂಗ ಗಿಡದ ಕಡೆ ನೋಡಿದ, ಆ ಕಡೆ ಈ ಕಡೆ ನೋಡಿದ, “ಎರಡು! ಗ್ರೀನಿಶ್!” ಎಂದ.

ಸರಿಯಾಗಿಯೇ ಇತ್ತು. ಅನುರಾಧಾ ಬೆರಗಾದಳು. ಇಷ್ಟು ದಿನ ಸುಮ್ಮಸುಮ್ಮನೆ ಗಂಡನ ಪ್ರಾಣ ತಿಂದೆನೇ ಎಂದು ಒಂದು ಗಳಿಗೆ ನಾಚಿಕೆಯೂ ಆಯಿತು. ಹಕ್ಕಿ ಟೊಂಗೆ ಬದಲಿಸಿ ಮತ್ತೆ ಕೂಗಿತು. ಈ ಸಲ ಅವಳು ಹಕ್ಕಿಯನ್ನು ಬಿಟ್ಟು ಗಂಡನನ್ನು ನೋಡಿದಳು. ಗಂಡ ಸಿದ್ಧಾಂತನನ್ನು ನೋಡುತ್ತಿದ್ದ. ಸಿದ್ಧಾಂತನ ತುಟಿಗಳು ದನಿಯಿಲ್ಲದೆ ‘ಎರಡು’ ಎಂದವು.

ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ತುಟಿ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪ್ರಭುಲಿಂಗ ಓಣಿಯ ಆ ತುದಿಯಲ್ಲಿ ನಿಂತವರ ಮಾತನ್ನು ಈ ತುದಿಯಿಂದ ಹೇಳಬಲ್ಲವನು.

“ಅಣ್ಣಾರ!” ಅನುರಾಧಾ ಚೀರಿದಳು. “ನಾಚಿಕಿ ಬರೂದಿಲ್ಲೇನ್ರಿ ನಿಮಗ?”

“ಅಲ್ರಿ ವೈನಿ,” ಸಿದ್ಧಾಂತ ಕೈ ಹಿಸುಕಿಕೊಂಡ. “ಅಂವಾ ನನ್ನ ಮಾರಿ ನೋಡಿದ್ನಲ್ರಿ. ಹೆಂಗ ಸುಮ್ಮ ಇರ್ಲಿ?”

“ನಿಮ್ಮ ಕಾಲಿಗೆ ಬೀಳತೇನಿ, ಆ ಬಂಡಿಗಲ್ಲಿನ ಮ್ಯಾಲ ಹೋಗಿ ಆ ಕಡೆ ಮಾರಿ ಮಾಡಿ ಕುಂದರ್ರಿ. ಕರಿಯೂತನಕ ತಿರುಗಬ್ಯಾಡ್ರಿ.”

ಸಿದ್ಧಾಂತ ಹೇಳಿದ ಹಾಗೆ ಹೋಗಿ ಕೂತ. ಪ್ರಭುಲಿಂಗ ಏನೂ ಆಗದವನ ಹಾಗೆ ದುರ್ಬೀನಿನ ಗಾಜು ಒರೆಸಿದ.

ಬಿಸಿಲು ಏರುತ್ತಿತ್ತು. ಬಹಳ ಹೊತ್ತಿನ ಮೇಲೆ, ಕೈ ಚಾಚಿದರೆ ಸಿಗುತ್ತದೇನೋ ಅನ್ನುವಷ್ಟು ಹತ್ತಿರದ ಬಾರಿಹಣ್ಣಿನ ಮುಳ್ಳುಕಂಟಿಗೆ ಇನ್ನೊಂದು ಹಕ್ಕಿ ಬಂದು ಕೂತಿತು. ಕೂತದ್ದೇ ಕೂಗಿತು. ಮತ್ತೆ ಕೂಗಿತು.

“ಹೇಳ್ರಿ,” ಎಂದಳು ಅನುರಾಧಾ.

“ಕೂಗಲಿ ತಡಿ.”

“ಕೂಗಾಕತ್ತೈತ್ರಿ!”

“ಸುಳ್ಳ ಹೇಳಬ್ಯಾಡ. ನನ್ನ ಸೋಲಸಾಕ ನಿಂತೀದಿ ನೀ. ಹಕ್ಕಿ ಸುಮ್ಮ ಕುಂತೈತಿ, ನೋಡು.”

ಅವಳ ಮೈಯೆಲ್ಲ ಉರಿದುಹೋಯಿತು. ಅವನ ಕೈಯ ದುರ್ಬೀನನ್ನು ಕಸಿದು ಅವನ ಕಣ್ಣಿಗೇ ಒತ್ತಿ ಹಿಡಿದು, “ನೀವ ನೋಡ್ರಿ!” ಎಂದಳು.

ಅವನು ನೋಡಿದ. ಮೊದಲು ಬೈಯಲು ಬಾಯಿ ತೆರೆದಿದ್ದವನು ಹಾಗೇ ನಿಂತುಬಿಟ್ಟ. ನಿಧಾನವಾಗಿ ದುರ್ಬೀನನ್ನು ತಾನೇ ಹಿಡಿದುಕೊಂಡ. ಅವಳು ಕೈ ತೆಗೆದಳು.

“ಬಾಯಿ ತಗಿಯಾಕತ್ತೈತಿ,” ಎಂದ.

ಅನುರಾಧಾ ಅವನ ಮುಖವನ್ನೇ ನೋಡುತ್ತಿದ್ದಳು.

“ಕುತ್ತಗಿ ಪುಕ್ಕ ಅಲಗಾಡತಾವ. ಬಾಯಿ ತಗೀತೈತಿ, ಮುಚ್ಚತೈತಿ.” ದುರ್ಬೀನಿನ ತಿರುಪು ಹೊರಳಿಸಿ ಮತ್ತೆ ನೋಡಿ, “ದನಿ ಬರವಲ್ದು,” ಎಂದ.

ಎಷ್ಟೋ ತಿಂಗಳಿಂದ ಈ ಗಳಿಗೆಗಾಗಿ ಅವಳು ಮಾತುಗಳನ್ನು ಕೂಡಿಟ್ಟುಕೊಂಡಿದ್ದಳು. ನಾ ಹೇಳಿರಲಿಲ್ಲವೇ ಎಂಬುದರಿಂದ ಶುರುವಾಗಿ, ಸಂಜೆಯವರೆಗೂ ಸಾಲುವಷ್ಟಿದ್ದವು. ಒಂದೂ ಬಾಯಿಗೆ ಬರಲಿಲ್ಲ. ಗೆದ್ದ ಸಂತೋಷವಂತೂ ಇರಲೇ ಇಲ್ಲ. ಅಳು ಬಂತು, ಅಳು ಬಂದದ್ದಕ್ಕೆ ಅವನ ಮೇಲೆಯೇ ಮತ್ತೆ ಸಿಟ್ಟು ಬಂತು.

“ಸಿದ್ಧಾಂತಗೂ ಗೊತ್ತೈತೇನು?” ಅವನು ದುರ್ಬೀನು ಇಳಿಸದೆ ಕೇಳಿದ.

ಅವಳು ಮೆಲ್ಲಗೆ ಹೌದೆಂದಳು. ಅವನು ಇತ್ತ ನೋಡಿರಲಿಲ್ಲ, ಹಾಗಾಗಿ ಅದು ಅವನನ್ನು ತಲುಪಲಿಲ್ಲ. ಅವಳು ಭುಜ ಮುಟ್ಟಿ ತಿರುಗಿಸಿ ತಲೆಯಾಡಿಸಿದಳು. ಬಂಡೆಗಲ್ಲಿನ ಮೇಲೆ ಸಿದ್ಧಾಂತ ಇನ್ನೂ ಆ ಕಡೆಗೇ ಮುಖ ಮಾಡಿ ಕೂತಿದ್ದ. ಪ್ರಭುಲಿಂಗ ಆ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದ.

“ಆತು ಬಿಡು. ಡಾಕ್ಟರ ಕಡೆ ಹೋಗೂಣು,” ಎಂದ. ಆಮೇಲೆ ಕಂಟಿಯ ಕಡೆ ಗದ್ದ ಎತ್ತಿ, “ಇದು ಯಾವ್ದು? ಎರಡರದ್ದೋ, ಮೂರರದ್ದೋ?”

ಅನುರಾಧಾ ಬಾಯಿ ತೆರೆದು ಮುಚ್ಚಿದಳು. ಹಕ್ಕಿ ಅಷ್ಟು ಸಲ ಕೂಗಿದಾಗಲೂ ಅವಳು ನೋಡುತ್ತಿದ್ದದ್ದು ಗಂಡನ ಮುಖವನ್ನು.

“ಎಣಸಲಿಲ್ರಿ.”

“ಎಣಸಲಿಲ್ಲ?” ಅವನ ದನಿ ಮತ್ತೆ ಏರಿತು. “ಅಲ್ಲಬೇ, ಕಿವಿ ಇದ್ದಾಕಿ ನೀ! ಕಿವಿ ಇಟಗೊಂಡು ಏನ್ ಮಾಡಾಕತ್ತಿದ್ದಿ?”

“ಚೀರಬ್ಯಾಡ್ರಿ, ಹಾರಿ ಹೋದೀತು!”

ಹಕ್ಕಿ ಹಾರಲಿಲ್ಲ. ಎರಡು ಎಲೆ ಕೆಳಗಿಳಿದು, ರೆಕ್ಕೆ ಒಮ್ಮೆ ಅದುರಿಸಿ ಕೂತಿತು. ಅನುರಾಧಾ ಅವನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿಕೊಂಡಳು. ಗಾಳಿ ಬಿದ್ದಿತ್ತು. ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಹೋಗಿ ಸದ್ದಡಗಿತು.

ಹಕ್ಕಿಯ ಬಾಯಿ ತೆರೆಯಿತು. ಅವಳ ಹೆಬ್ಬೆರಳು ಅವನ ಮಣಿಕಟ್ಟನ್ನು ಒಮ್ಮೆ ಒತ್ತಿತು. ಇನ್ನೊಮ್ಮೆ ಒತ್ತಿತು. ಪ್ರಭುಲಿಂಗ ಉಸಿರು ಹಿಡಿದು ಮೂರನೆಯದಕ್ಕಾಗಿ ಕಾದ.